ಮೊಲದ ಬಿಲ್ಲಿಗೆ ಒಂದು ಅಲಗು

ನಮ್ಮ ಊರಿನಲ್ಲಿ ಒಬ್ಬ ಗಂಡಸಿನ ಗುರಿ ಎಂಥದ್ದು ಎಂದು ತಿಳಿಯಬೇಕಾದರೆ ಅವನನ್ನು ಕೇಳಬೇಕಾಗಿಲ್ಲ. ಅವನ ಮನೆಯ ಅಂಗಳದೊಳಗೆ ಒಮ್ಮೆ ಇಣುಕಿದರೆ ಸಾಕು. ಅಂಬು ತಗುಲಿಯೂ ಸಾಯದೆ ಉಳಿದ ಪ್ರಾಣಿ ಹೊಡೆದವನ ಮನೆ ಹುಡುಕಿಕೊಂಡು ಬರುತ್ತದೆ. ಬಂದು, ನೆರಳು ನೋಡಿ ಮಲಗಿಬಿಡುತ್ತದೆ. ಹಾಯುವುದಿಲ್ಲ, ಕಚ್ಚುವುದಿಲ್ಲ, ಸುಮ್ಮನೆ ನೋಡುತ್ತದೆ. ಹೊಡೆದವನು ಉಣ್ಣಲು ಕೂತಾಗ ನೋಡುತ್ತದೆ, ಕೈ ತೊಳೆಯುವಾಗ ನೋಡುತ್ತದೆ, ಜಗಲಿಯ ಮೇಲೆ ಕೂತು ಬೀಡಿ ಹಚ್ಚಿದರೆ ಆ ಬೀಡಿ ಮುಗಿಯುವವರೆಗೂ ನೋಡುತ್ತದೆ. ಅದಕ್ಕೆ ಅಂಬಲಿ ಕೊಡಬೇಕು, ಗಾಯಕ್ಕೆ ಅರಿಶಿನ ಹಚ್ಚಬೇಕು. ಮಾಯ್ದ ದಿನ ಹೇಳದೆ ಕೇಳದೆ ಎದ್ದು ಹೋಗುತ್ತದೆ. ಅದು ಇರುವಷ್ಟು ಕಾಲ ಆ ಮನೆಯವರು ಬೇಟೆಗೆ ಹೋಗುವ ಹಾಗಿಲ್ಲ.

ಇದರಿಂದಾಗಿ ನಮ್ಮಲ್ಲಿ ಹೆಣ್ಣು ಕೊಡಲು ಬಂದವರು ಮೊದಲು ನೋಡುವುದು ಅಂಗಳವನ್ನೇ. ಅಲ್ಲಿ ಹಂದಿಯೊಂದು ಮಲಗಿದ್ದರೆ ಗಂಡಿನ ಕಡೆಯವರು, "ಅದು ನಮ್ದಲ್ಲ, ಪಕ್ಕದ್ಮನೇದು, ತಂಪಿಗೆ ಬಂದೈತೆ" ಅನ್ನುತ್ತಾರೆ. ಅಷ್ಟರಲ್ಲಿ ಹಂದಿ ಕುಂಟುತ್ತಾ ಎದ್ದು ಬಂದು ಮದುವೆ ಗಂಡಿನ ಕಾಲ ಬಳಿಯೇ ಮಲಗುತ್ತದೆ. ನಮ್ಮ ಊರ ದರ್ಜಿ ಮಾರಪ್ಪ ಮರ್ಯಾದೆ ಉಳಿಸಿಕೊಳ್ಳಲು ಅಂಗಳದ ಸುತ್ತ ಎತ್ತರದ ಗೋಡೆ ಕಟ್ಟಿಸಿ ಬಾಗಿಲು ಹಾಕಿದ. ಹಂದಿ ಬಾಗಿಲ ಹೊರಗೆ, ನಡುಬೀದಿಯಲ್ಲಿ ಮಲಗಿತು. ಮೊದಲು ಬೀದಿಯವರಿಗಷ್ಟೇ ಗೊತ್ತಾಗುತ್ತಿದ್ದದ್ದು ಈಗ ಊರಿಗೆಲ್ಲ ಗೊತ್ತಾಯಿತು. ಮಾರಪ್ಪ ಗೋಡೆ ಕೆಡವಿಸಿದ.

ಬೇಟೆಯನ್ನೇ ಬಿಟ್ಟುಬಿಡಬಹುದಲ್ಲ ಎಂದು ಹೊರಗಿನವರು ಕೇಳುತ್ತಾರೆ. ಬಿಡಬಹುದು, ಆದರೆ ಗುಡ್ಡದ ಹಂದಿಗಳು ನಮ್ಮ ಗೆಣಸಿನ ಹೊಲ ಬಿಡಬೇಕಲ್ಲ. ಅವು ಒಮ್ಮೆ ಹೊಕ್ಕರೆ ಉತ್ತ ಹಾಗೆ ಮಾಡಿಟ್ಟು ಹೋಗುತ್ತವೆ. ಹೀಗಾಗಿ ಬೇಟೆ ತಪ್ಪುವುದಿಲ್ಲ. ಗಂಡಸರು ಹೊಡೆಯುತ್ತಾರೆ, ಅಂಬಲಿ ಕಾಯಿಸುವವರು ನಾವು. ಬೇರೆ ಊರುಗಳ ಹೆಂಗಸರು ನಲ್ಲಿಯ ಹತ್ತಿರ ಸೀರೆಯ ಮಾತಾಡುತ್ತಾರಂತೆ. ನಮ್ಮಲ್ಲಿ ಅಲಗಿನ ಮಾತು. ಅಂಬಿನ ತುದಿಗೆ ಕೂರಿಸುವ ಕಬ್ಬಿಣದ ಮೊನೆಗೆ ನಾವು ಅಲಗು ಅನ್ನುತ್ತೇವೆ. ಅದು ಅಗಲವಿರಬೇಕೋ ಕಿರಿದಾಗಿರಬೇಕೋ, ಎರಡೂ ಅಂಚು ಹರಿತವಿರುವ ಎರಡು ಬಾಯಿಯದೋ ಮೂರು ರೆಕ್ಕೆಯದೋ ಎಂಬ ವಿಷಯದಲ್ಲಿ ಕೊಡ ತುಂಬಿ ಹರಿದರೂ ನಮ್ಮ ವಾದ ಮುಗಿಯುವುದಿಲ್ಲ.

ನನ್ನ ಗಂಡನ ಹೆಸರನ್ನು ನಾನು ಹೇಳುವುದಿಲ್ಲ. ಊರವರು ಪಾಲಣ್ಣ ಅನ್ನುತ್ತಾರೆ. ನಾನು ಮದುವೆಯಾಗಿ ಬಂದಾಗ ನಮ್ಮ ಅಂಗಳದಲ್ಲಿ ಕೋಳಿಯ ಹೊರತು ಬೇರೆ ಪ್ರಾಣಿ ಇರಲಿಲ್ಲ. ಬೇಟೆಯ ಮೊದಲ ಅಂಬು ಯಾವಾಗಲೂ ಇವರದೇ. ಇವರ ದೊಡ್ಡ ಬಿಲ್ಲನ್ನು ಬಗ್ಗಿಸಿ ಹೆದೆ ಏರಿಸಲು ಬೇರೆಯವರಿಗೆ ಮಂಡಿ ಊರಬೇಕಾಗುತ್ತಿತ್ತು. ಇವರು ಮಾತಾಡುತ್ತಲೇ ಏರಿಸುತ್ತಿದ್ದರು, ಅದೂ ಯಾರಾದರೂ ನೋಡುತ್ತಿದ್ದರೆ ಇನ್ನೂ ಉದ್ದ ಮಾತಾಡುತ್ತ. ಆಮೇಲೆ ಒಂದು ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಲು ಮಾಡು ಹತ್ತಿದವರು ಜಾರಿ ಬಿದ್ದರು. ಬಲಭುಜ ಮುರಿಯಿತು. ನಾಟಿವೈದ್ಯರು ಬಿದಿರಿನ ದಬ್ಬೆ ಕಟ್ಟಿದರು. ಮೂಳೆ ಕೂಡಿಕೊಂಡಿತು. "ಮೊದ್ಲಿಗಿಂತ ಗಟ್ಟಿಯಾಗೈತೆ" ಎಂದು ಇವರು ಊರಿಗೆಲ್ಲ ಹೇಳಿಕೊಂಡು ಬಂದರು.

ಆ ವರ್ಷದ ಬೇಟೆಯಾದ ಸಂಜೆ ನಮ್ಮ ಅಂಗಳಕ್ಕೆ ಮೊದಲ ಹಂದಿ ಬಂತು. ಭುಜದಲ್ಲಿ ಇವರ ಅಂಬು ಅಲ್ಲಾಡುತ್ತಿತ್ತು. ಇವರು ಅದನ್ನು ನೋಡಿದರು, ಅದು ಇವರನ್ನು ನೋಡಿತು. ಅಂಬು ಕಿತ್ತು ಮೂಗಿನ ಹತ್ತಿರ ಹಿಡಿದು, "ಅಲಗು ಸರಿಯಿಲ್ಲ. ಈರಾಚಾರಿ ಕಾಸಿದ ಕಬ್ಬಿಣಕ್ಕೆ ನೀರು ಸರಿಯಾಗಿ ಕುಡಿಸಿಲ್ಲ" ಅಂದರು. ನಾನು ಅರಿಶಿನ ತರಲು ಒಳಗೆ ಹೋದೆ. ಆದರೆ ಹಿತ್ತಿಲಲ್ಲಿ ಇವರು ಅಭ್ಯಾಸ ಮಾಡುವುದನ್ನು ನಾನು ಪಾತ್ರೆ ತೊಳೆಯುತ್ತ ನೋಡಿದ್ದೆ. ಮೊದಲೆಲ್ಲ ಕಿವಿಯನ್ನು ಮುಟ್ಟುತ್ತಿದ್ದ ಹೆದೆ ಈಗ ಗಲ್ಲದ ಹತ್ತಿರವೇ ನಿಂತುಬಿಡುತ್ತಿತ್ತು.

ಈರಾಚಾರಿ ನಮ್ಮ ಊರ ಕಮ್ಮಾರ. ಏನು ಕೇಳಿದರೂ ಮಾಡಿಕೊಡುತ್ತಾನೆ, ಮಾಡಿಕೊಟ್ಟ ಮೇಲೆ ಇಂಥದ್ದು ಹಿಂದೆಂದೂ ಮಾಡಿಲ್ಲ ಅನ್ನುತ್ತಾನೆ. ಮರುವರ್ಷಕ್ಕೆ ಇವರು ಅವನಿಂದ ಮೂರು ರೆಕ್ಕೆಯ ಅಗಲವಾದ ಅಲಗು ಮಾಡಿಸಿದರು. ಗಾಯ ದೊಡ್ಡದಾದರೆ ಹಂದಿ ಬೇಗ ಬೀಳುತ್ತದೆ ಎಂಬ ಲೆಕ್ಕ. ಹಂದಿ ಬೀಳಲಿಲ್ಲ, ನಮ್ಮ ಮನೆಗೆ ಬಂತು. ಅದರ ಮುಂದಿನ ವರ್ಷ ಗರಗಸದ ಹಲ್ಲಿನ ಅಲಗು. ಆ ಹಂದಿಯೂ ಬಂತು. ಪ್ರತಿ ಸಲವೂ ಇವರು ಅಂಬು ಕಿತ್ತು, ಅಲಗನ್ನು ಬೆಳಕಿಗೆ ಹಿಡಿದು, ತಲೆಯಾಡಿಸಿ, ಅದರಲ್ಲಿ ಹೊಸದೊಂದು ದೋಷ ಕಂಡುಹಿಡಿಯುತ್ತಿದ್ದರು. ನಾನು ಅಂಬಲಿಗೆ ನೀರಿಡುತ್ತಿದ್ದೆ.

ಇವರ ದೊಡ್ಡಪ್ಪನ ಮಗ ಕಾಟಯ್ಯ ನಮ್ಮ ಎದುರು ಮನೆಯವನು. ಇವರಿಗಿಂತ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ನಮ್ಮ ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದ. "ಅತ್ಗೆ, ನೆಂಟರು ಚೆನ್ನಾಗವ್ರಾ?" ಅನ್ನುತ್ತಿದ್ದ. "ಚೆನ್ನಾಗವ್ರೆ ಕಾಟಯ್ಯ, ನಿನ್ನ ಬಾಯಿ ನೋಡಿ ಹೆದ್ರಿ ಆ ಕಡೆ ತಿರುಗಿ ಮಲಗವ್ರೆ" ಅನ್ನುತ್ತಿದ್ದೆ ನಾನು. ಇವರು ಮಾತ್ರ ಒಳಗೆ ಏನನ್ನೋ ಹುಡುಕುವವರಂತೆ ಪೆಟ್ಟಿಗೆ ಸದ್ದು ಮಾಡುತ್ತಿದ್ದರು.

ಹೋದ ವರ್ಷ ಸಂತೆಗೆ ಹೊರಗಿನ ವ್ಯಾಪಾರಿಯೊಬ್ಬ ಗಾಜಿನ ಪೆಟ್ಟಿಗೆಯಲ್ಲಿ ಮಡಚುವ ಅಲಗು ಇಟ್ಟುಕೊಂಡು ಬಂದ. ಹಾರುವಾಗ ಅದು ಸೂಜಿಯ ಹಾಗೆ ಮುಚ್ಚಿಕೊಂಡಿರುತ್ತದೆ, ತಗುಲಿದ ಕೂಡಲೇ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಇವರು ಅದನ್ನು ಅಂಗೈಯಲ್ಲಿಟ್ಟು ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ, ಮನೆಗೆ ಬಂದ ಮೇಲೂ ಅದೇ ಕೆಲಸ. ನಮ್ಮ ಮಗಳು ಹುಟ್ಟಿದಾಗಲೂ ಅಷ್ಟು ಹೊತ್ತು ಅವಳ ಮುಖ ನೋಡಿದ್ದನ್ನು ನಾನು ಕಾಣೆ. "ಇದು ಬುದ್ಧಿ ಇರೋ ಅಲಗು ಕಣೇ" ಅಂದರು. "ಹಂಗಾದ್ರೆ ಮನೇಲಿ ಒಬ್ರಿಗಾದ್ರೂ ಆಯ್ತು" ಅಂದೆ. ಇವರಿಗೆ ಕೇಳಿಸಲಿಲ್ಲ.

ಆ ಸಲ ನಮ್ಮ ಮನೆಗೆ ಬಂದದ್ದು ತಾಯಿಹಂದಿ. ಹಿಂದೆ ಅದರ ಮರಿಗಳು, ಬೆನ್ನ ಮೇಲೆ ಗೆರೆಗೆರೆ ಇರುವ ಪುಟ್ಟ ಮರಿಗಳು, ಸಾಲಾಗಿ ಬೀದಿ ದಾಟಿ ಬಂದವು. ಕಾಟಯ್ಯ ಅವತ್ತು ಬೇಲಿಯ ಹತ್ತಿರ ನಿಂತಿದ್ದವನು ಮಾತೇ ಆಡದೆ ಒಳಗೆ ಹೋದ. ಅಲಗು ತೊಗಲಿಗೆ ತಗುಲಿದ ಕೂಡಲೇ ಬಿಚ್ಚಿಕೊಂಡಿತ್ತು. ಬಿಚ್ಚಿಕೊಳ್ಳುವುದರಲ್ಲೇ ಅದರ ಕಸುವೆಲ್ಲ ಮುಗಿದು, ಒಳಗೆ ಹೋಗದೆ ಪಕ್ಕೆಯನ್ನು ಸೀಳಿ ನಿಂತಿತ್ತು. ನಾನು ಅರಿಶಿನ ಹಚ್ಚಿದೆ, ಬೇವಿನ ನೀರಲ್ಲಿ ತೊಳೆದೆ. ಗಾಯ ಕೀವು ಕಟ್ಟಿತು. ಅದು ಅಂಬಲಿ ಮುಟ್ಟಲಿಲ್ಲ. ಮರಿಗಳು ಹಾಲಿಗೆ ಬಂದು ಮೂತಿಯಿಂದ ತಿವಿದಾಗೆಲ್ಲ ನೋವಿಗೆ ಮೈ ನಡುಗಿಸುತ್ತ, ಆದರೂ ಅವಕ್ಕೆ ಮೊಲೆ ಸಿಗುವಂತೆ ಮಗ್ಗುಲು ಬದಲಿಸುತ್ತಿತ್ತು. ಇವರು ಜಗಲಿಯ ಮೇಲೆ ಕೂತು ಅದನ್ನು ನೋಡಿದರು. ಆ ಸಲ ಅಲಗನ್ನು ಬೆಳಕಿಗೆ ಹಿಡಿಯಲಿಲ್ಲ. ಒಂದು ಬೆಳಿಗ್ಗೆ ಅದು ಇವರನ್ನು ನೋಡುತ್ತಲೇ ಉಸಿರು ಬಿಟ್ಟಿತು. ಹಿತ್ತಿಲಲ್ಲಿ ಗುಂಡಿಯನ್ನು ಇವರೇ ತೋಡಿದರು. ನಡುನಡುವೆ ಗುದ್ದಲಿ ಬಿಟ್ಟು ಭುಜ ಹಿಡಿದು ನಿಲ್ಲುತ್ತಿದ್ದರು, ನಾನು ನೋಡಿದರೆ ಬೆವರು ಒರೆಸಿಕೊಂಡ ಹಾಗೆ ಮಾಡುತ್ತಿದ್ದರು.

ಮರಿಗಳಿಗೆ ನಾನು ಮೇಕೆಯ ಹಾಲು ಕುಡಿಸಿದೆ. ಮಾರಪ್ಪನ ಮನೆಯಲ್ಲಿ ಮಲಗಿದ್ದ ಹೆಣ್ಣುಹಂದಿ ಗಾಯ ಮಾಯ್ದು ಗುಡ್ಡಕ್ಕೆ ಹೊರಟ ದಿನ ನಮ್ಮ ಬೇಲಿಯ ಹತ್ತಿರ ನಿಂತು ಗುರುಗುಟ್ಟಿತು. ಮರಿಗಳು ಅದರ ಹಿಂದೆ ಹೋದವು. ಇವರು ಬೀದಿಯ ತಿರುವಿನವರೆಗೂ ಅವುಗಳ ಜೊತೆ ನಡೆದು ಹೋಗಿ, ಬಂದು, ದೊಡ್ಡ ಬಿಲ್ಲಿನ ಹೆದೆ ಬಿಚ್ಚಿ ಅಟ್ಟದ ಮೇಲೆ ಹಾಕಿದರು. "ಇನ್ ಮೇಲೆ ನಾನು ಬೇಟೆಗೆ ಬರಾಕಿಲ್ಲ ಅಂತ ಹೇಳ್ಬಿಡು" ಅಂದರು.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇವರು ಹೊಲಕ್ಕೆ ಹೋಗುವುದನ್ನು ಕಡಿಮೆ ಮಾಡಿದರು, ಜಗಲಿಯ ಮೇಲೆ ಕೂರುವುದನ್ನೂ ಬಿಟ್ಟರು. ಕಾಟಯ್ಯ ಕರೆದರೆ ನಿದ್ದೆ ಬಂದವರಂತೆ ಮಲಗುತ್ತಿದ್ದರು. ಈ ವರ್ಷ ಗೆಣಸಿನ ಹೊಲಕ್ಕೆ ಒಂಟಿಹಂದಿಯೊಂದು ಬೀಳತೊಡಗಿತು. ಗುಂಪಿನಿಂದ ಬೇರೆಯಾದ ಮುದಿ ಗಂಡುಹಂದಿ, ಕೋರೆ ನನ್ನ ಗೇಣಿನಷ್ಟು ಉದ್ದ. ಗೆಣಸು ಕೀಳಲು ಹೋಗಿದ್ದ ಮಾರಪ್ಪನ ಹೆಂಡತಿಯ ತೊಡೆ ಸೀಳಿತು. ಅವಳು ಬದುಕಿದ್ದೇ ಹೆಚ್ಚು. ಅದಾದ ಮೇಲೆ ಹೊಲಕ್ಕೆ ಹೋಗಲು ಹೆಂಗಸರು ಹೆದರಿದರು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಇವರಿಗೆ ಮುದ್ದೆ ಬಡಿಸಿ, ಎದುರಿಗೆ ಕೂತು, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆ.

"ತಪ್ಪು ಅಲಗಿಂದಲ್ಲ. ನಿಮ್ ತೋಳಿಂದು."

ಇವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ನನ್ ತೋಳಿಗೇನಾಗೈತೆ?"

"ಮುರಿದೈತೆ. ಊರಿಗೆಲ್ಲ ಗೊತ್ತು, ಹಂದಿಗಳಿಗೂ ಗೊತ್ತು, ನಿಮಗೊಬ್ರಿಗೆ ಗೊತ್ತಿಲ್ಲ. ಆ ದೊಡ್ಡ ಬಿಲ್ಲು ಅರ್ಧ ಎಳೀತೀರಿ. ಅರ್ಧ ಎಳೆದ ಬಿಲ್ಲಿಗೆ ಅಷ್ಟಗಲದ ಅಲಗು ಹಾಕಿದ್ರೆ ಒಳಕ್ಕೆ ಹೆಂಗೆ ಹೋಗ್ಬೇಕು ಅದು? ಮೊಂಡಗತ್ತೀಲಿ ಕುಂಬಳಕಾಯಿ ಹೆಚ್ಚಿದಂಗೆ."

ಇವರು ಕೈಯ ತುತ್ತನ್ನು ಸಾರಿನಲ್ಲಿ ಹೊರಳಿಸಿ ಹೊರಳಿಸಿ ಬಾಯಿಗೆ ಹಾಕಿಕೊಂಡರು. ನಾನು ಎದ್ದು ಹೋಗಿ ಒಳಕೋಣೆಯ ಮೂಲೆಯಲ್ಲಿದ್ದ ಅತ್ತೆಯ ಬಿಲ್ಲು ತಂದು ಪಕ್ಕದಲ್ಲಿಟ್ಟೆ. ನಮ್ಮತ್ತೆ ಮೊಲ ಹೊಡೆಯುತ್ತಿದ್ದ ಬಿಲ್ಲು, ಹಗುರವಾದದ್ದು, ನಾನೂ ಎಳೆಯಬಲ್ಲೆ.

"ಅವ್ವನ ಮೊಲದ ಬಿಲ್ಲಾ? ಇದನ್ನ ಹಿಡ್ಕಂಡ್ ಹೋದ್ರೆ ಊರು ನಗಾಕಿಲ್ವಾ?"

"ಈಗೇನು ಅಳ್ತಾ ಕೂತೈತಾ?" ಅಂದೆ.

ಇವರಿಗೆ ನಗು ಬಂತು. ಬಾಯಲ್ಲಿ ತುತ್ತಿದ್ದುದರಿಂದ ನೆತ್ತಿಗೇರಿತು. ಬೆನ್ನು ತಟ್ಟಿ ನೀರು ಕೊಟ್ಟೆ.

ಮರುದಿನದಿಂದ ಹಿತ್ತಿಲಲ್ಲಿ ಬಾಳೆಯ ದಿಂಡು ನಿಲ್ಲಿಸಿ, ಅದಕ್ಕೆ ಒದ್ದೆ ಗೋಣಿಚೀಲ ಸುತ್ತಿ, ತಮ್ಮಲ್ಲಿದ್ದ ಅಲಗುಗಳನ್ನೆಲ್ಲ ಒಂದೊಂದಾಗಿ ಮೊಲದ ಬಿಲ್ಲಿಗೆ ಹಾಕಿ ನೋಡಿದರು. ಬಿಲ್ಲು ಹಗುರ, ಹೆದೆ ಕಿವಿಯವರೆಗೂ ಬಂತು. ಮಡಚುವ ಅಲಗು ಗೋಣಿಯ ಮೇಲೆ ಬಿಚ್ಚಿಕೊಂಡು ಅಲ್ಲೇ ನೇತಾಡಿತು. ಮೂರು ರೆಕ್ಕೆಯದು ಗಾಳಿಗೆ ಸಿಕ್ಕಿ ಅತ್ತ ತಿರುಗಿ, ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಒಳ್ಳೆಯ ರವಿಕೆಯ ತೋಳನ್ನು ತೂತು ಮಾಡಿತು. ಆ ವಿಷಯವನ್ನು ನಾನು ಇನ್ನೂ ಮರೆತಿಲ್ಲ. ಗರಗಸದ್ದು ಸ್ವಲ್ಪ ಒಳಗೆ ಹೋಗಿ ಕಚ್ಚಿಕೊಂಡು ನಿಂತಿತು. ಅದನ್ನು ಹೊರಗೆ ತೆಗೆಯಲು ಇವರು ದಿಂಡಿಗೆ ಕಾಲು ಕೊಟ್ಟು ಎಳೆದು, ಅಂಬಿನ ಸಮೇತ ಹಿಂದಕ್ಕೆ ಬಿದ್ದರು. ಕೊನೆಗೆ ತಮ್ಮ ಪೆಟ್ಟಿಗೆಯ ತಳದಿಂದ ಅತ್ತೆಯ ಕಾಲದ ಒಂದು ತುಕ್ಕು ಹಿಡಿದ ಅಲಗು ತೆಗೆದು ಉಜ್ಜಿ ಹಾಕಿದರು. ಬಿದಿರೆಲೆಯ ಹಾಗೆ ಕಿರಿದಾದದ್ದು, ಉದ್ದನೆಯದು, ಎರಡೇ ಬಾಯಿ. ಅದು ದಿಂಡನ್ನು ದಾಟಿ ಆಚೆಯ ಮಣ್ಣುಗೋಡೆಗೆ ಹೊಕ್ಕಿತು.

ಇವರು ಗೋಡೆಯ ಹತ್ತಿರ ಹೋಗಿ ಅಂಬಿನ ಗರಿಯನ್ನು ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆಯೇ, "ಹಂಗಾದ್ರೆ ನೀನು ಹೇಳಿದ್ದು ಸರಿ" ಅಂದರು. ಮದುವೆಯಾದ ಮೇಲೆ ಈ ಮಾತು ಕೇಳಿದ್ದು ಅದೇ ಮೊದಲು, ಅದೂ ಗೋಡೆಗೆ ಹೇಳಿದ್ದು.

ಹಳೆಯ ಅಲಗು ತುಕ್ಕಿಗೆ ಸವೆದಿತ್ತು, ಹೊಸದು ಬೇಕಿತ್ತು. ಈರಾಚಾರಿಗೆ ಬಹಳ ನಿರಾಸೆಯಾಯಿತಂತೆ. "ಇಷ್ಟೇನಾ ಪಾಲಣ್ಣ? ಒಂದೆರಡು ಹಲ್ಲಾದ್ರೂ ಬಿಡಿಸ್ತೀನಿ, ಬೇಡ್ವಾ? ಅಂದಕ್ಕೆ ಸಣ್ಣದೊಂದು ಬಳ್ಳಿ ಕೆತ್ಲಾ?" ಎಂದು ಕೇಳಿದನಂತೆ. ಬೇಡ ಅಂದಾಗ, "ಸರಿ, ಇದನ್ನ ನಾನು ಮಾಡಿದ್ದು ಅಂತ ಮಾತ್ರ ಯಾರಿಗೂ ಹೇಳ್ಬೇಡ" ಎಂದು ಮಾಡಿಕೊಟ್ಟ. ಅದನ್ನು ಮಸೆಯುವ ಕೆಲಸ ಇವರದು. ಮಸೆಯುವುದು, ಮುಂಗೈಯ ಕೂದಲು ಬೋಳಿಸಿ ಹರಿತ ನೋಡುವುದು, ಮತ್ತೆ ಮಸೆಯುವುದು. ಬೇಟೆಯ ದಿನ ಹತ್ತಿರವಾಗುವಷ್ಟರಲ್ಲಿ ಇವರ ಎಡಗೈ ಹಸುಗೂಸಿನ ಕೈಯಂತಾಗಿತ್ತು. ಅಂಬನ್ನು ಅಂಗೈ ಮೇಲೆ ನಿಲ್ಲಿಸಿ ತಿರುಗಿಸಿ, ಮೊನೆ ಓಲಾಡುತ್ತದೆಯೇ ಎಂದು ನೋಡುತ್ತಿದ್ದರು. ನಾನು ಊಟಕ್ಕೆ ಕರೆದರೆ ಸುಮ್ಮನಿರು ಎಂದು ಕೈಸನ್ನೆ. ಹಿತ್ತಿಲಿನ ಈ ಬೇಲಿಯಿಂದ ಆ ಬೇಲಿಯಷ್ಟು ದೂರಕ್ಕೆ ಹೊಡೆದದ್ದೆಲ್ಲ ಗುರಿ ಇಟ್ಟಲ್ಲಿಗೇ ಹೋಗುತ್ತಿತ್ತು. ಅದಕ್ಕಿಂತ ದೂರವಾದರೆ ಗುರಿ ಮುಟ್ಟುತ್ತಿರಲಿಲ್ಲ. "ಅಷ್ಟು ಹತ್ರಕ್ಕೆ ಬಂದ್ರೆ ಮಾತ್ರ ಹೊಡೀತೀನಿ, ಇಲ್ದಿದ್ರೆ ಸುಮ್ನೆ ಬಂದ್ಬಿಡ್ತೀನಿ" ಎಂದು ತಮಗೆ ತಾವೇ ಹೇಳಿಕೊಂಡರು.

ಬೇಟೆಯ ಬೆಳಿಗ್ಗೆ ಮೊಲದ ಬಿಲ್ಲು ಕಂಡು ಜನ ನಕ್ಕರು. "ಪಾಲಣ್ಣ, ಮೊಲ ಆಗ್ಲೇ ಆ ಕಡೆ ಓಡ್ತು!" ಎಂದು ಯಾರೋ ಕೂಗಿದರು. ಮೊದಲ ಅಂಬನ್ನು ಹಿರಿಯರು ಕಾಟಯ್ಯನಿಗೆ ಕೊಟ್ಟು ಅವನನ್ನು ಬಯಲಿನ ನಡುವೆ ನಿಲ್ಲಿಸಿದರು. ಇವರಿಗೆ ಸಿಕ್ಕಿದ್ದು ಹಳ್ಳದ ಬದಿ, ಹಂದಿ ಎಂದೂ ಹಾಯದ ಜಾಗ. ಇವರು ಮಾತಾಡದೆ ಹೋಗಿ ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ನೋಡಿ, ಬಂಡೆಯ ಮರೆಯಲ್ಲಿ ನಿಂತರು. ನಾವು ಹೆಂಗಸರು ಸಾಲಾಗಿ ಡಬ್ಬ ಬಡಿಯುತ್ತ ಹೊಲದ ಮೇಲಿನಿಂದ ಇಳಿದೆವು. ನಾನು ಬೇಕೆಂದೇ ಹಳ್ಳದ ತುದಿಯಲ್ಲಿದ್ದೆ.

ಒಂಟಿಹಂದಿ ಗೆಣಸಿನ ಬಳ್ಳಿಯೊಳಗಿಂದ ಕಲ್ಲು ಉರುಳಿದ ಹಾಗೆ ಎದ್ದಿತು. ಕಾಟಯ್ಯ ದೂರದಿಂದಲೇ ಹೊಡೆದ. ಅವನದು ಅಂಗೈ ಅಗಲದ ಮೂರು ರೆಕ್ಕೆಯ ಅಲಗು. ಅದು ಗಾಳಿಯಲ್ಲಿ ಬಳುಕಿ ಹೊಂಗೆಯ ಪೊದೆಗೆ ಹೋಯಿತು. ಹಂದಿ ತಿರುಗಿ ನೇರ ಹಳ್ಳದ ಕಡೆಗೆ ಬಂತು. ಬಂಡೆಯ ಮುಂದೆ, ನೀರಿನ ಅಂಚಿನಲ್ಲಿ ನಿಂತು ಮೂತಿ ಎತ್ತಿ ಇವರನ್ನೇ ನೋಡಿತು. ಇವರು ಹೆದೆ ಎಳೆದು ಹಿಡಿದಿದ್ದರು. ಬಿಡಲಿಲ್ಲ. "ಹೊಡಿ ಪಾಲಣ್ಣ! ಹೊಡಿಯೋ!" ಎಂದು ಹಿಂದಿನಿಂದ ಗಂಡಸರು ಕೂಗಿದರು. ಎದುರಿನಿಂದ ಹೊಡೆದರೆ ಭುಜದ ಹಲಗೆಯಂಥ ತೊಗಲಿಗೆ, ಎಲುಬಿಗೆ ಬಡಿಯುತ್ತದೆ. ಅದು ನನಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಆದರೆ ಹಂದಿ ಇನ್ನೊಂದು ಹೆಜ್ಜೆ ಇಟ್ಟಿತು. ಇವರ ಬಲಭುಜ ನಡುಗುವುದು ನನಗೆ ಕಾಣುತ್ತಿತ್ತು. ನನ್ನ ಕೈಯ ಡಬ್ಬ ಜಾರಿ ಕಲ್ಲಿನ ಮೇಲೆ ಬಿತ್ತು. ಆ ಸದ್ದಿಗೆ ಹಂದಿ ಪಕ್ಕಕ್ಕೆ ತಿರುಗಿತು. ಹೆದೆ ಮಿಡಿದ ಸದ್ದು ಬಹಳ ಸಣ್ಣದು. ಹಂದಿ ಹಳ್ಳ ದಾಟಿ, ದಡ ಹತ್ತಿ, ಲಂಟಾನದ ಪೊದೆಯೊಳಗೆ ಮರೆಯಾಯಿತು. ಅಂಬು ಆಚೆ ದಡದ ಮಣ್ಣಿನಲ್ಲಿ ನಾಟಿತ್ತು, ಅಲಗಿನಿಂದ ಗರಿಯವರೆಗೂ ಕೆಂಪಾಗಿ.

"ಸವರಿಕೊಂಡ್ ಹೋಗಿರ್ಬೇಕು" ಅಂದ ಒಬ್ಬ. "ಹೊಕ್ಕು ಆಚೆ ಬಂದೈತೆ ಕಣ್ರಲಾ" ಅಂದ ಇನ್ನೊಬ್ಬ. ಗಾಯಗೊಂಡ ಒಂಟಿಹಂದಿಯ ಹಿಂದೆ ಪೊದೆ ಹೊಗುವ ಧೈರ್ಯ ಯಾರಿಗೂ ಇರಲಿಲ್ಲ. ನಾಲ್ಕು ಜನ ನಾಯಿ ತರಲು ಹೋದರು. ಉಳಿದವರಿಗೆ ಹೆಚ್ಚು ಸುಲಭವಾದ ದಾರಿ ಹೊಳೆಯಿತು. ಬದುಕಿದ್ದರೆ ಸಂಜೆಯೊಳಗೆ ಪಾಲಣ್ಣನ ಮನೆಗೆ ಬಂದೇ ಬರುತ್ತದಲ್ಲ? ಇಡೀ ಊರು ನಮ್ಮ ಅಂಗಳಕ್ಕೆ ಬಂದು ಕೂತಿತು. ಕೆಲವರು ಹುರಿದ ಶೇಂಗಾ ಕಟ್ಟಿಕೊಂಡು ಬಂದಿದ್ದರು.

ಇವರು ಜಗಲಿಯ ಮೇಲೆ ಕೂತು ಬೀದಿಯನ್ನೇ ನೋಡುತ್ತಿದ್ದರು. ಬೀಡಿ ಹಚ್ಚಲಿಲ್ಲ. ನಾನು ಒಲೆ ಹಚ್ಚಿದೆ, ಅಂಬಲಿಗೆ ನೀರಿಡಲೋ ಬೇಡವೋ ಎಂದು ತೋಚದೆ ಬರಿಯ ಪಾತ್ರೆ ಇಟ್ಟೆ. ಬಿಸಿಲು ಗೋಡೆ ಹತ್ತಿತು. ಒಮ್ಮೆ ಬೀದಿಯ ತಿರುವಿನಲ್ಲಿ ಹಂದಿಯೊಂದು ಕುಂಟುತ್ತ ಬರುವುದು ಕಂಡು ಅಂಗಳವೆಲ್ಲ ಎದ್ದು ನಿಂತಿತು. ಇವರು ಎದ್ದು ನಿಲ್ಲಲಿಲ್ಲ, ಕಣ್ಣು ಮುಚ್ಚಿದರು. ಅದು ಈರಾಚಾರಿಯ ಮನೆಯ ಹಂದಿ, ತಿರುಗಾಡಿಕೊಂಡು ವಾಪಸ್ಸು ಹೊರಟಿತ್ತು. ಜನರನ್ನು ನೋಡಿ ತಾನೂ ಸ್ವಲ್ಪ ಹೊತ್ತು ನಿಂತು, ಏನೂ ವಿಶೇಷವಿಲ್ಲ ಎಂದು ಮುಂದೆ ಹೋಯಿತು.

ಹೊತ್ತು ಗುಡ್ಡದ ಹಿಂದೆ ಇಳಿಯುವಾಗ ನಾಯಿ ತೆಗೆದುಕೊಂಡು ಹೋದವರು ಬಂದರು. ಪೊದೆಯಾಚೆ, ಹುಣಸೆಮರದ ಕೆಳಗೆ ಹಂದಿ ಸಿಕ್ಕಿತ್ತು. ಪೊದೆ ದಾಟಿದ್ದಷ್ಟೇ, ಮುಂದೆ ಹೋಗಿರಲಿಲ್ಲ. ಕಾಲು ಮಡಚಿ ಮಲಗಿದ ಹಾಗೆಯೇ ಸತ್ತಿತ್ತು. ಅಂಗಳದಲ್ಲಿ ಕೂಗೆದ್ದಿತು. ಮಾರಪ್ಪ ಬಂದು ಇವರ ಎರಡೂ ಕೈ ಹಿಡಿದುಕೊಂಡ.

ಕಾಟಯ್ಯ ಮುಂದೆ ಬಂದ. ಈ ಸಲ ಅವನ ದನಿಯಲ್ಲಿ ತಮಾಷೆಯಿರಲಿಲ್ಲ. "ಪಾಲಣ್ಣ, ಆ ಅಲಗು ಎಂಥದ್ದು? ನಂಗೂ ಒಂದು ಮಾಡಿಸ್ಕೊಡು."

ಇನ್ನು ಶುರುವಾಯಿತು ಅಂದುಕೊಂಡೆ ನಾನು. ಇವರಿಗೆ ಇಷ್ಟು ಜನ, ಇಂಥ ಪ್ರಶ್ನೆ ಸಿಕ್ಕರೆ ಮಾತು ಊಟದ ಹೊತ್ತಿಗೂ ಮುಗಿಯುವುದಿಲ್ಲ. ಎಲ್ಲರಿಗೂ ಸಾಕಾಗುವಷ್ಟು ಚಹಾಕ್ಕೆ ನೀರು ಸುರಿದೆ.

"ನಿಂಗೆ ಇದು ಬೇಕಾಗಿಲ್ಲ ಕಾಟ" ಅಂದರು ಇವರು. "ನಿನ್ ತೋಳು ಗಟ್ಟಿ ಐತೆ, ಬಿಲ್ಲೂ ಗಟ್ಟಿ ಐತೆ. ನೀನು ರೆಕ್ಕೆ ಸ್ವಲ್ಪ ಸಣ್ಣದು ಮಾಡ್ಸು, ಇನ್ನೂ ಹತ್ರಕ್ಕೆ ಬರ್ಲಿ ಅಂತ ಕಾಯಿ, ಅಷ್ಟೇ. ನಾನು ಕಿರಿದು ಹಾಕಿದ್ದು ಯಾಕೆ ಅಂದ್ರೆ..." ಅಲ್ಲಿ ನಿಂತರು. ಅಂಗಳದಲ್ಲಿ ಶೇಂಗಾ ಸುಲಿಯುವ ಸದ್ದೂ ನಿಂತಿತು. "ಯಾಕೆ ಅಂದ್ರೆ ನನ್ ತೋಳ್ನಾಗೆ ಕಸುವಿಲ್ಲ. ಬಿದ್ದಾಗಿಂದ ಇಲ್ಲ. ದೊಡ್ ಬಿಲ್ಲು ನಂಗೆ ಎಳೆಯಾಕಾಗಲ್ಲ."

ಯಾರೂ ನಗಲಿಲ್ಲ. ಕಾಟಯ್ಯ ತಲೆ ತಗ್ಗಿಸಿ ಕಾಲ್ಬೆರಳಿನಿಂದ ಮಣ್ಣು ಕೆದಕಿದ. ಇವರು ಅಂಗಿಯ ಗುಂಡಿ ಬಿಚ್ಚಿ, ಬಲಭುಜ ಹೊರಗೆ ಹಾಕಿ, ಊರೆಲ್ಲ ನೋಡುತ್ತಿರುವಂತೆಯೇ ಒಳಗೆ ನನ್ನನ್ನು ಕೂಗಿದರು.

"ಏನೇ, ಒಂಚೂರು ಎಣ್ಣೆ ಬೆಚ್ಚಗೆ ಮಾಡ್ಕಂಡ್ ಬಾರೇ. ಭುಜ ಹಿಡ್ಕಂಡ್ಬಿಟ್ಟೈತೆ, ತುಂಬ ನೋಯ್ತೈತೆ."

ಎಣ್ಣೆಯ ಕುಡಿಕೆ ನನ್ನ ಎದುರಿಗೇ ಇತ್ತು. ಆದರೂ ಅದನ್ನು ಹುಡುಕಿ ಹೊರಗೆ ಬರಲು ನನಗೆ ಬಹಳ ಹೊತ್ತು ಹಿಡಿಯಿತು.